ಹೊಲಿಗೆಯ ಮೇಲಿನ ಕುಂಕುಮ

ಹೊಳೆನರಸೀಪುರದಿಂದ ನಾಲ್ಕು ಮೈಲಿ ಆಚೆ, ಹೇಮಾವತಿ ದಂಡೆಯ ಆ ಊರಿನ ಡೈರಿಯಲ್ಲಿ ಬೆಳಿಗ್ಗೆ ಹಾಲು ಅಳೆಯುವ ಹೊತ್ತೂ ಅಮೆರಿಕದಲ್ಲಿ ಬೇಸ್‌ಬಾಲ್ ನಡೆಯುವ ಹೊತ್ತೂ ಒಂದೇ. ಇದನ್ನು ದೇವರು ತನಗೋಸ್ಕರವೇ ಹೊಂದಿಸಿಟ್ಟಿದ್ದಾನೆ ಎಂದು ಡೈರಿ ಸೆಕ್ರೆಟರಿ ರಂಗಸ್ವಾಮಿ ನಂಬಿದ್ದ. ಫ್ಯಾಟ್ ನೋಡುವ ಮಿಷನ್ನಿಗೆ ಫೋನು ಒರಗಿಸಿಟ್ಟುಕೊಂಡು, ಒಂದು ಕಣ್ಣು ಹಾಲಿನ ಮೇಲೆ, ಒಂದು ಕಣ್ಣು ಆಟದ ಮೇಲೆ. ಒಂಬತ್ತು ವರ್ಷದಿಂದ ಹೀಗೇ. ಅದಕ್ಕೆ ಮುಂಚೆ ಕ್ರಿಕೆಟ್ ಹುಚ್ಚಿತ್ತು. ಯಾವುದೋ ಫೈನಲ್ ಸೋತರೆಂದು ಎರಡು ದಿನ ಊಟ ಬಿಟ್ಟು, ಅವ್ವ ಕಾವೇರಮ್ಮನ ಕೈಲಿ ಚೆನ್ನಾಗಿ ಉಗಿಸಿಕೊಂಡು, ಆ ಆಟದ ಸಹವಾಸವೇ ಬೇಡ ಎಂದು ಕೈಮುಗಿದುಬಿಟ್ಟ. ಆಮೇಲೆ ಇದು ಹಿಡಿಯಿತು. ಹುಚ್ಚು ಬಿಟ್ಟಿತು ಎಂದು ಮನೆಯವರು ಸಮಾಧಾನಪಟ್ಟುಕೊಂಡದ್ದು ಒಂದೇ ವಾರ.

ನಿಜ ಹೇಳಬೇಕೆಂದರೆ ಅವನನ್ನು ಮರುಳು ಮಾಡಿದ್ದು ಆಟಕ್ಕಿಂತ ಹೆಚ್ಚಾಗಿ ಆಟದ ಸುತ್ತಲಿನ ಚೇಷ್ಟೆಗಳು. ಆಟದ ನಡುವೆ ಸಾಸೇಜಿನ ವೇಷ ಹಾಕಿಕೊಂಡ ನಾಲ್ಕೈದು ಜನ ಮೈದಾನದಲ್ಲಿ ಓಟದ ಪಂದ್ಯ ಕಟ್ಟುತ್ತಾರೆ, ಅದಕ್ಕೂ ಜನ ಎದ್ದು ನಿಂತು ಕೂಗುತ್ತಾರೆ. ಆಟಗಾರರು ಸೂರ್ಯಕಾಂತಿ ಬೀಜ ಜಗಿದು ಜಗಿದು ಉಗಿದು ನೆಲವೆಲ್ಲ ಸಿಪ್ಪೆ ಮಾಡುತ್ತಾರೆ. ಹೊಟ್ಟೆ ಬಿಟ್ಟ, ತಲೆ ನೆರೆತ ಮ್ಯಾನೇಜರೂ ಆಟಗಾರರ ಡ್ರೆಸ್ಸನ್ನೇ ಹಾಕಿಕೊಂಡು ಕೂರುತ್ತಾನೆ. ಹಾಲು ಹಾಕಲು ಬರುತ್ತಿದ್ದ ಚೆನ್ನಯ್ಯನಿಗೆ ಇದು ಸಹಿಸಲಾಗುತ್ತಿರಲಿಲ್ಲ.

“ಆ ಮುದ್ಕ ಯಾಕ್ಲಾ ಐಕ್ಳ ಬಟ್ಟೆ ಇಕ್ಕಂಡವ್ನೆ?”

“ಅವ್ರು ಮ್ಯಾನೇಜ್ರು ಕಣಣ್ಣ. ಆಡಾಕಿಲ್ಲ. ಆದ್ರೂ ಟೀಮಿನ್ ಡ್ರೆಸ್ಸಲ್ಲೇ ಕೂರ್ಬೇಕು.”

“ಅಂಗಾರೆ ನೀನೂ ಎಮ್ಮೆ ಕೊಂಬು ಕಟ್ಕಂಡೇ ಕೂರ್ಬೇಕು ಕಣ್ಲಾ, ಡೈರಿ ಸೆಕ್ರೆಟ್ರಿ!”

ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ರಂಗಸ್ವಾಮಿಯೂ ನಕ್ಕ. ಅಮೆರಿಕದಲ್ಲಿ ಯಾರೋ ಒಬ್ಬ ಮೇಕೆ ಹಿಡಿದುಕೊಂಡು ಆಟ ನೋಡಲು ಬಂದಿದ್ದು, ಅವನನ್ನು ಒಳಗೆ ಬಿಡದೆ ಕಳಿಸಿದ್ದು, ಅವನು ಶಾಪ ಹಾಕಿ ಹೋದನೆಂದು ಆ ತಂಡ ಎಪ್ಪತ್ತು ವರ್ಷ ಕಪ್ಪು ಗೆಲ್ಲದೆ ಒದ್ದಾಡಿದ್ದು, ಇದನ್ನು ಹೇಳಿದಾಗ ಮಾತ್ರ ಚೆನ್ನಯ್ಯ ನಗಲಿಲ್ಲ. “ಎಪ್ಪತ್ತು ವರ್ಸ ಕಾಯಾದೇನಿತ್ತು? ತಪ್ಪು ಕಾಣ್ಕೆ ಕಟ್ಟಿದ್ರೆ ಮುಗ್ದೋಗದು” ಎಂದು ಕ್ಯಾನು ಎತ್ತಿಕೊಂಡು ಹೋದ.

ಈ ಚೇಷ್ಟೆಗಳಲ್ಲಿ ರಂಗಸ್ವಾಮಿಗೆ ಎರಡೆಂದರೆ ಪ್ರಾಣ. ಒಂದು, ಮ್ಯಾನೇಜರ್ ಅಂಪೈರಿನೊಡನೆ ಜಗಳಕ್ಕೆ ಬೀಳುವುದು. ಮೂಗಿಗೆ ಮೂಗು ತಾಗಿಸಿ ಕಿರುಚಾಡಿ, ಅಂಪೈರು ‘ಆಚೆ ಹೋಗು’ ಎಂದು ಕೈ ಬೀಸಿದ ಮೇಲೆ, ಕಾಲಲ್ಲಿ ಅಂಪೈರಿನ ಮೇಲೆ ಮಣ್ಣು ಒದ್ದು ಹೊರಟುಹೋಗುತ್ತಾನೆ. ಆ ಗತ್ತನ್ನು ನೋಡಿದಾಗಲೆಲ್ಲ ರಂಗಸ್ವಾಮಿಯ ಬಲಗಾಲು ಮೇಜಿನ ಕೆಳಗೆ ತಾನಾಗಿ ಅಲ್ಲಾಡುತ್ತಿತ್ತು. ಇನ್ನೊಂದು, ಹೋಮ್‌ರನ್ ಚೆಂಡು, ಎಂದರೆ ಸಿಕ್ಸರಿನ ಹಾಗೆ ಮೈದಾನದಾಚೆಗೆ ಹೊಡೆದದ್ದು. ಕ್ರಿಕೆಟ್ಟಿನಲ್ಲಿ ಜನರ ನಡುವೆ ಬಿದ್ದ ಚೆಂಡನ್ನು ವಾಪಸು ಕೊಡಬೇಕು. ಇಲ್ಲಿ ಹಾಗಲ್ಲ, ಹಿಡಿದವನದೇ ಚೆಂಡು. ಮನೆಗೆ ಒಯ್ದು ಗಾಜಿನ ಡಬ್ಬಿಯಲ್ಲಿಡುತ್ತಾರೆ. ಆದರೆ ಎದುರು ತಂಡದವರು ಹೊಡೆದ ಚೆಂಡಾದರೆ, ಮಾನವಂತ ಅಭಿಮಾನಿ ಅದನ್ನು ಇಟ್ಟುಕೊಳ್ಳುವುದಿಲ್ಲ. ನಿನ್ನ ಚೆಂಡು ನೀನೇ ಇಟ್ಟುಕೋ ಎಂದು ಮೈದಾನಕ್ಕೆ ತಿರುಗಿ ಎಸೆಯುತ್ತಾನೆ. “ನಮ್ಮವ್ರುದಾದ್ರೆ ಇಟ್ಕೋಬೇಕು, ಅವ್ರುದಾದ್ರೆ ಎಸೀಬೇಕು” ಎಂದು ರಂಗಸ್ವಾಮಿ ತನ್ನ ಸೊಸೆ ಧನ್ಯಾಗೆ ಎಷ್ಟು ಸಲ ಹೇಳಿದ್ದನೋ, ಆ ಹುಡುಗಿ ಅವನ ಧಾಟಿಯಲ್ಲೇ ಒಪ್ಪಿಸಿ ಅಣಕಿಸುತ್ತಿದ್ದಳು.

ಧನ್ಯಾ ಅರಕಲಗೂಡಿಗೆ ಕೊಟ್ಟಿದ್ದ ಅಕ್ಕನ ಮಗಳು. ಪಿಯುಸಿ ಓದಲು ಅಜ್ಜಿಯ ಮನೆಗೆ ಬಂದವಳು, ಬಂದ ವಾರವೇ ಹಿತ್ತಲ ಸೀಬೆಮರದ ತುದಿಯ ಹಣ್ಣನ್ನು ಒಂದೇ ಕಲ್ಲಿಗೆ ಉರುಳಿಸಿದಳು. ಸೋದರಮಾವ ನೋಡಿದ. ಮರುದಿನದಿಂದಲೇ ಡೈರಿಯ ಹಿಂದಿನ ಗೋಡೆಗೆ ಸುಣ್ಣದಲ್ಲಿ ಚೌಕ ಬರೆದು ಅವಳ ಕೈಲಿ ಚೆಂಡು ಎಸೆಸತೊಡಗಿದ. ಕಾಲೇಜಿನಲ್ಲಿ ಕಾಡಿ ಬೇಡಿ ಹುಡುಗಿಯರ ತಂಡ ಕಟ್ಟಿಸಿದ. ತಂಡವೇನೋ ಆಯಿತು, ಎದುರು ಆಡುವವರು ಯಾರು? ಒಂದು ವರ್ಷ ತಮ್ಮತಮ್ಮಲ್ಲೇ ಆಡಿಕೊಂಡರು. ಈ ವರ್ಷ ಚನ್ನರಾಯಪಟ್ಟಣದಲ್ಲಿ ಪ್ರಿಯಂವದಾ ಎಂಬ ಮೇಡಮ್ಮು ಇನ್ನೊಂದು ತಂಡ ಮಾಡಿದರು. ದಸರಾ ರಜೆಯಲ್ಲಿ ಹಾಸನದ ಒಂದು ಕಾಲೇಜು ಮೈದಾನದಲ್ಲಿ ಪಂದ್ಯ, ಗೆದ್ದವರು ಜಿಲ್ಲೆಯ ಪರವಾಗಿ ರಾಜ್ಯಮಟ್ಟಕ್ಕೆ ಎಂದು ತೀರ್ಮಾನವಾಯಿತು.

ಧನ್ಯಾಗೆ ರಾಜ್ಯಮಟ್ಟದ ಕನಸು. ರಂಗಸ್ವಾಮಿಗೆ ಅದಕ್ಕಿಂತ ಸಣ್ಣ ಆಸೆ, ಹೇಳಿಕೊಂಡರೆ ನಗುತ್ತಾರೆಂದು ಯಾರಿಗೂ ಹೇಳಿರಲಿಲ್ಲ. ಒಂಬತ್ತು ವರ್ಷದಲ್ಲಿ ಅವನು ಅಂಗೈಯಗಲದ ಫೋನಿನಲ್ಲಿ ಬಿಟ್ಟರೆ ಎಲ್ಲಿಯೂ ಬೇಸ್‌ಬಾಲ್ ನೋಡಿರಲಿಲ್ಲ. ಎರಡು ತಂಡ, ಒಬ್ಬ ಅಂಪೈರು, ಪೂರ್ತಿ ಒಂದು ಪಂದ್ಯ, ತನ್ನ ಎರಡು ಕಣ್ಣಲ್ಲಿ ಮೊದಲ ಎಸೆತದಿಂದ ಕೊನೆಯವರೆಗೆ ನೋಡಬೇಕು. ಅಷ್ಟೇ.

ಅಂಪೈರಾಗಿ ಬರಬೇಕಿದ್ದವರು ರಜನೀಶ್ ಎಂಬ ಉಪನ್ಯಾಸಕರು. ಪಾಪ, ಅವರು ಕಬಡ್ಡಿಯವರು. ಬೇಸ್‌ಬಾಲ್ ನಿಯಮ ಗೊತ್ತಿಲ್ಲ ಎಂದು ಅವರು ಪೇಚಾಡಿಕೊಂಡಾಗ ರಂಗಸ್ವಾಮಿ ತಾನಾಗಿ ಮೇಲೆ ಬಿದ್ದು, ಹನ್ನೊಂದು ಪುಟ ಕನ್ನಡದಲ್ಲಿ ಬರೆದು, ದಾರದಲ್ಲಿ ಹೊಲಿದು, ಹಾಸನಕ್ಕೆ ಬಸ್ಸಿನಲ್ಲಿ ಹೋಗಿ ಕೊಟ್ಟುಬಂದ. ಪಂದ್ಯಕ್ಕೆ ಮುಂಚೆ ಹೊಸ ಚೆಂಡಿನ ನುಣುಪು ಹೋಗಲೆಂದು ಹೊಳೆಯ ಮಣ್ಣು ತಿಕ್ಕುವ ಪದ್ಧತಿಯಿದೆ, ಅಮೆರಿಕದಲ್ಲಿ ಅದಕ್ಕೆಂದೇ ಒಂದು ಹೊಳೆಯ ಗುಟ್ಟಿನ ಜಾಗದಿಂದ ಮಣ್ಣು ತರುತ್ತಾರೆ ಎಂಬುದನ್ನೂ ಬರೆದ. ಏಳನೆಯ ಪುಟದಲ್ಲಿ ಕೆಂಪು ಶಾಯಿಯಿಂದ ಅಡಿಗೆರೆ ಎಳೆದು ಬರೆದದ್ದು ಇದು: ‘ಅಂಪೈರು ಒಪ್ಪಿದ ಮಣ್ಣು ಬಿಟ್ಟು ಚೆಂಡಿಗೆ ಎಣ್ಣೆ, ಅಂಟು, ಬೇರೆ ಏನನ್ನಾದರೂ ಹಚ್ಚುವುದು ಮೋಸ. ಅಂಥವರನ್ನು ಮೈದಾನದಿಂದ ಹೊರಗೆ ಕಳಿಸುವುದು. ಯಾರ ಮುಖವನ್ನೂ ನೋಡಬಾರದು.’

ಪಂದ್ಯಕ್ಕೆ ಎರಡು ದಿನ ಮುಂಚೆ ಆಯುಧಪೂಜೆ. ಡೈರಿಯ ಮಿಷನ್ನು, ಮೊಪೆಡ್ಡು, ಕುಡುಗೋಲು, ಪಂಪ್‌ಸೆಟ್ಟಿನ ಸ್ಟಾರ್ಟರು ಎಲ್ಲಕ್ಕೂ ಕುಂಕುಮ ಬಿತ್ತು. ಧನ್ಯಾಳ ಕಿಟ್ಟಿನ ಚೀಲವನ್ನೂ ದೇವರ ಮುಂದಿಟ್ಟಿದ್ದರು. ಮೈದಾನದಲ್ಲಿ ಚೆಂಡು ಸಾಲದೆ ಹೋದೀತೆಂದು ರಂಗಸ್ವಾಮಿ ಮೀರತ್‌ನಿಂದ ತರಿಸಿ, ಹೇಮಾವತಿಯ ಗೋಡುಮಣ್ಣು ತಿಕ್ಕಿ ಇಟ್ಟಿದ್ದ ನಾಲ್ಕು ಚೆಂಡೂ ಅದರಲ್ಲಿದ್ದವು.

“ಬ್ಯಾಟಿಗ್ ಇಕ್ದೆ, ಚೆಂಡಿಗ್ಯಾಕ್ ಇಕ್ನಿಲ್ಲ?” ಎಂದಳು ಕಾವೇರಮ್ಮ.

“ಚೆಂಡಿಗೆ ಏನೂ ಅಚ್ಚಂಗಿಲ್ಲ ಕಣವ್ವ. ರೂಲ್ಸು.”

“ಯಾವನ್ ಮಾಡಿದ್ ರೂಲ್ಸ್ಲಾ ಅದು? ಮಗ ಎಸ್ಯಾದು ಚೆಂಡ ತಾನೆ? ಅದ್ನೇ ಬಿಟ್ಬುಟ್ರೆ ಪೂಜೆ ಏನ್ ಬಂತು?”

ಅವ್ವನನ್ನು ಗದರಿ ಸುಮ್ಮನಾಗಿಸಿದನೇನೋ ಸರಿ. ಆದರೆ ಎಲ್ಲರೂ ಒಬ್ಬಟ್ಟಿನ ಊಟಕ್ಕೆ ಎದ್ದ ಮೇಲೆ ಅವನೊಬ್ಬನೇ ದೇವರ ಮುಂದೆ ಉಳಿದ. ಹುಡುಗಿ ಸೋತುಬಿಟ್ಟರೆ? ಒಂದು ಬೊಟ್ಟಿಗೆ ಜಿಪುಣತನ ಮಾಡಿ ಸೋಲಿಸಿದೆ ಎಂದು ಜೀವಮಾನವೆಲ್ಲ ಕೊರಗಬೇಕಾದೀತು. ಆಚೀಚೆ ನೋಡಿ, ಹರಳೆಣ್ಣೆಯಲ್ಲಿ ಕಲೆಸಿದ್ದ ಕುಂಕುಮಕ್ಕೆ ಬೆರಳದ್ದಿ, ನಾಲ್ಕು ಚೆಂಡಿಗೂ ಒಂದೊಂದು ಬೊಟ್ಟಿಟ್ಟ. ಬೇಸ್‌ಬಾಲಿನ ಹೊಲಿಗೆಯೇ ಕೆಂಪು ದಾರದ್ದು. ಕೆಂಪಿನ ಮೇಲೆ ಕೆಂಪು, ಯಾರ ಕಣ್ಣಿಗೂ ಬೀಳುವುದಿಲ್ಲ. ಪೂಜೆಗಿಟ್ಟ ಆಯುಧವನ್ನು ವಿಜಯದಶಮಿ ಕಳೆಯುವವರೆಗೆ ಮುಟ್ಟಬಾರದು. ಪಂದ್ಯದ ದಿನ ಬೆಳಿಗ್ಗೆ ಎದ್ದು ಒರೆಸಿಬಿಟ್ಟರಾಯಿತು ಎಂದುಕೊಂಡ.

ಪಂದ್ಯದ ದಿನ ಬೆಳಿಗ್ಗೆ ಏನಾಯಿತು ಗೊತ್ತೆ? ಅಮೆರಿಕದಲ್ಲಿ ಅಕ್ಟೋಬರ್ ಎಂದರೆ ನಾಕೌಟಿನ ತಿಂಗಳು. ಒಂಬತ್ತು ಇನ್ನಿಂಗ್ಸಿಗೆ ಮುಗಿಯಬೇಕಾದ ಆಟ ಸಮವಾಗಿ, ಹತ್ತಾಗಿ, ಹನ್ನೊಂದಾಗಿ, ಹನ್ನೆರಡಕ್ಕೆ ಹೋಯಿತು. ರಂಗಸ್ವಾಮಿ ಬಾಯಿ ಬಿಟ್ಟುಕೊಂಡು ಫೋನು ನೋಡುತ್ತ ನಿಂತ. ಟೆಂಪೊ ಬಂದು ಹಾರನ್ ಹೊಡೆದಾಗ, ಅಯ್ಯಯ್ಯೋ ಎಂದು ಚೀಲ ಎತ್ತಿಕೊಂಡು, ಅವ್ವನನ್ನು ಮುಂದಿನ ಸೀಟಿಗೆ ಹತ್ತಿಸಿ, ಹನ್ನೆರಡನೆಯ ಇನ್ನಿಂಗ್ಸ್ ನೋಡುತ್ತಲೇ ಹಾಸನ ತಲುಪಿದ. ಬೊಟ್ಟು ಒರೆಸಬೇಕೆಂಬುದು ಅವನ ತಲೆಯಲ್ಲಿ ಸುಳಿಯಲೂ ಇಲ್ಲ.

ಮೈದಾನದಲ್ಲಿ ಕಾಲಿಟ್ಟ ಮೇಲಂತೂ ಅವನು ಈ ಲೋಕದಲ್ಲಿರಲಿಲ್ಲ. ಸುಣ್ಣದ ಗೆರೆಗಳು ಫೋನಿನಲ್ಲಿ ಕಂಡದ್ದಕ್ಕಿಂತ ಎಷ್ಟು ಉದ್ದ! ಚೆಂಡು ಗ್ಲೌಸಿಗೆ ಬಿದ್ದಾಗ ಬರುವ ‘ಫಟ್’ ಎಂಬ ಸದ್ದು ಎದೆಗೇ ಬಂದು ತಾಗುತ್ತಿತ್ತು. ಮೊದಲ ಎಸೆತಕ್ಕೇ ಅವನ ಕಣ್ಣಲ್ಲಿ ನೀರು ಬಂತು. ಪಕ್ಕದಲ್ಲಿ ಕಾವೇರಮ್ಮ ಯಾರು ಹೊಡೆದರೂ, ಯಾರು ಬಿಟ್ಟರೂ, “ಬುಡ್ಬ್ಯಾಡ ಕಣವ್ವ, ಬುಡ್ಬ್ಯಾಡ!” ಎಂದು ಒಂದೇ ಸಮನೆ ಕೂಗುತ್ತಿದ್ದಳು. ಇಲ್ಲಿ ಏಳೇ ಇನ್ನಿಂಗ್ಸಿನ ಪಂದ್ಯ. ಆರು ಮುಗಿದಾಗ ಎರಡು ರನ್ನಿಗೆ ಎರಡು ರನ್ನು, ಸಮ. ಧನ್ಯಾ ಕೈ ಸೋತರೂ ಮುಖದಲ್ಲಿ ತೋರಿಸದೆ ಎಸೆಯುತ್ತಿದ್ದಳು.

ಏಳನೆಯದರಲ್ಲಿ ಮೊದಲು ಚನ್ನರಾಯಪಟ್ಟಣದ ಬ್ಯಾಟಿಂಗ್. ಅಷ್ಟು ಹೊತ್ತಿಗೆ ಪಂದ್ಯಕ್ಕೆಂದು ತಂದಿದ್ದ ಎರಡು ಚೆಂಡಿನಲ್ಲಿ ಒಂದು ಚರಂಡಿಗೆ ಬಿದ್ದು ನೆನೆದಿತ್ತು, ಇನ್ನೊಂದರ ಹೊಲಿಗೆ ಬಿಟ್ಟಿತ್ತು. “ರಂಗಸ್ವಾಮಿಗಳೆ, ನಿಮ್ ಚೆಂಡು ಕೊಡಿ” ಎಂದರು ರಜನೀಶ್. ಅವನು ಹೆಮ್ಮೆಯಿಂದ ಒಂದನ್ನು ಎಸೆದ. ಧನ್ಯಾ ಎಸೆದ ಮೊದಲ ಮೂರು ಚೆಂಡಿಗೇ ಒಬ್ಬಳು ಔಟಾದಳು. ಧನ್ಯಾ ಹಣೆಯ ಬೆವರು ಒರೆಸಿಕೊಂಡಳು. ಹಣೆಯ ಮೇಲೆ ಕೆಂಪು ಗೆರೆ ಮೂಡಿತು.

“ಸಾರ್, ಸ್ವಲ್ಪ ಆಟ ನಿಲ್ಸಿ” ಎಂದು ಪ್ರಿಯಂವದಾ ಒಳಗೆ ಬಂದರು. “ಆ ಹುಡುಗಿ ಕೈ ನೋಡಿ. ಎಣ್ಣೆ ಹಚ್ಕೊಂಡಿದಾಳೆ.”

ರಜನೀಶ್ ಬೆರಳು ನೋಡಿದರು. ಚೆಂಡು ನೋಡಿದರು. ಮೂಸಿದರು. ಹರಳೆಣ್ಣೆ. ಜೇಬಿನಿಂದ ದಾರ ಹೊಲಿದ ಪುಸ್ತಕ ತೆಗೆದು, ಏಳನೆಯ ಪುಟ ತಿರುವಿ, ಮೈದಾನಕ್ಕೆಲ್ಲ ಕೇಳುವಂತೆ ಗಟ್ಟಿಯಾಗಿ ಓದಿದರು. “ಎಣ್ಣೆ, ಅಂಟು, ಬೇರೆ ಏನನ್ನಾದರೂ ಹಚ್ಚುವುದು ಮೋಸ. ಅಂಥವರನ್ನು ಮೈದಾನದಿಂದ ಹೊರಗೆ ಕಳಿಸುವುದು. ಯಾರ ಮುಖವನ್ನೂ ನೋಡಬಾರದು.” ತನ್ನ ಬರಹವನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದಾಗಲೇ ರಂಗಸ್ವಾಮಿಗೆ ನೆನಪಾಯಿತು. ಒರೆಸಲಿಲ್ಲ! ಹಾಳಾದ ಹನ್ನೆರಡನೆಯ ಇನ್ನಿಂಗ್ಸು!

“ಮಣ್ಣು ಅಚ್ಬೌದು, ಕುಂಕುಮ ಅಚ್ಬಾರ್ದಾ? ಇದ್ಯಾವ್ ನ್ಯಾಯ ಸಾ?” ಎಂದು ಕಾವೇರಮ್ಮ ಕೂತಲ್ಲಿಂದಲೇ ಕೂಗಿದಳು.

“ನಮ್ ಬ್ಯಾಟಿಗೂ ಪೂಜೆ ಮಾಡಿದೀವಿ ಅಜ್ಜಿ” ಎಂದರು ಪ್ರಿಯಂವದಾ. “ಒರೆಸ್ಕೊಂಡ್ ಬಂದಿದೀವಿ.”

ರಜನೀಶ್ ಹುಡುಗಿಯ ಕಡೆ ತಿರುಗಿದರು. “ಯಾರಮ್ಮ ಹಚ್ಚಿದ್ದು?”

ಧನ್ಯಾ ಅಜ್ಜಿಯನ್ನೊಮ್ಮೆ ನೋಡಿದಳು. ಇದು ಅಜ್ಜಿಯದೇ ಕೆಲಸ ಎಂದು ಅವಳು ತಿಳಿದದ್ದು ರಂಗಸ್ವಾಮಿಗೆ ಸ್ಪಷ್ಟವಾಗಿ ಕಂಡಿತು. “ನಾನೇ ಸಾರ್” ಎಂದಳು ಹುಡುಗಿ, ತಲೆ ತಗ್ಗಿಸಿ.

ರಂಗಸ್ವಾಮಿ ಎದ್ದ. ಎದ್ದರೆ ಏನಾಗುತ್ತದೆ ಎಂದು ಆ ಮೈದಾನದಲ್ಲಿ ಅವನಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ, ಬರೆದುಕೊಟ್ಟವನೇ ಅವನು. ಒಂಬತ್ತು ವರ್ಷ ಕಾದ ಪಂದ್ಯ, ಇನ್ನು ಅರ್ಧ ಗಂಟೆಯಷ್ಟೇ ಉಳಿದಿತ್ತು. ಆದರೂ ಗೆರೆ ದಾಟಿ ನೇರ ಅಂಪೈರಿನ ಮುಂದೆ ಹೋಗಿ ನಿಂತ.

“ಅವ್ಳಲ್ಲ ಸಾ. ಅವ್ಳಿಗೆ ಗೊತ್ತೂ ಇಲ್ಲ. ಬೊಟ್ಟು ಇಟ್ಟಿದ್ದು ನಾನು. ಒರೆಸ್ಬೇಕು ಅಂತಿದ್ದೆ, ಮರ್ತೋದೆ.”

“ನೀವಾ? ನೀವೇ ಬರೆದು ಕೊಟ್ಟಿದ್ದು!”

“ಊ ಸಾ. ನಾನೇ ಬರ್ದೆ, ನಾನೇ ಕೆಟ್ಟೆ. ಮಗೀಗೆ ಏನೂ ಮಾಡ್ಬ್ಯಾಡಿ.”

ರಜನೀಶ್ ಪ್ರಿಯಂವದಾರ ಮುಖ ನೋಡಿದರು. ಆಕೆ, “ಎಲ್ಲಾ ಚೆಂಡೂ ಒರೆಸಿ, ಅವಳು ಸೋಪಲ್ಲಿ ಕೈ ತೊಳ್ಕೊಂಡ್ ಬರ್ಲಿ, ಆಡ್ಲಿ. ನಮ್ಮುಡುಗೀರು ಗೆದ್ರೆ ಸರಿಯಾಗಿ ಗೆದ್ವಿ ಅನ್ನಿಸ್ಬೇಕು” ಎಂದರು. ರಂಗಸ್ವಾಮಿಗೆ ಆಕೆಯ ಕಾಲು ಮುಟ್ಟಬೇಕೆನ್ನಿಸಿತು.

“ಹಾಗಾದ್ರೆ ಹಚ್ಚಿದೋರು ಹೊರಗೆ” ಎಂದರು ರಜನೀಶ್. “ಮೈದಾನದಿಂದ ಅಂದ್ರೆ ಗೇಟಿನಿಂದಾನೇ ಆಚೆ. ದಯವಿಟ್ಟು ತಪ್ಪು ತಿಳೀಬೇಡಿ.” ಹೇಳಿ, ಪುಸ್ತಕದಲ್ಲಿ ರಂಗಸ್ವಾಮಿ ಬರೆದ ಹಾಗೆಯೇ, ಬಲಗೈಯನ್ನು ಮೇಲಿಂದ ಕೆಳಗೆ ಬೀಸಿ ಗೇಟು ತೋರಿಸಿದರು.

ರಂಗಸ್ವಾಮಿ ತಿರುಗಿ ನಾಲ್ಕು ಹೆಜ್ಜೆ ಹೋದ. ಅಷ್ಟರಲ್ಲಿ ಅವನಿಗೆ ಹೊಳೆಯಿತು. ಅಲ್ಲ, ಅಂಪೈರು ನನ್ನನ್ನು ಹೊರಗೆ ಹಾಕಿದ್ದಾರೆ! ನನ್ನನ್ನು! ಕೋಪವೇನೂ ಇರಲಿಲ್ಲ, ರಜನೀಶ್ ಸಾಹೇಬರ ಮೇಲೆ ಗೌರವವೇ ಇತ್ತು. ಆದರೆ ಬಲಗಾಲು ಕೇಳಬೇಕಲ್ಲ. ತಿರುಗಿ ನಿಂತು, ಒಂಬತ್ತು ವರ್ಷದ ಆಸೆಯನ್ನೆಲ್ಲ ಸೇರಿಸಿ ನೆಲಕ್ಕೆ ಒಂದು ಒದ್ದ. ಮಣ್ಣು ಹಾರಿದ್ದು ಸ್ವಲ್ಪ, ಹಾರಿದ್ದು ಚಪ್ಪಲಿ. ಅದು ಮೇಲಕ್ಕೆ ಹೋಗಿ ಧನ್ಯಾಳ ಕಾಲ ಬಳಿ ಬಿತ್ತು. ಎರಡೂ ತಂಡದ ಹುಡುಗಿಯರು ಬಿದ್ದು ಬಿದ್ದು ನಕ್ಕರು. ಧನ್ಯಾ ಮಾತ್ರ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಹೆಕ್ಕಿಕೊಳ್ಳಲು ಹಿಂದಕ್ಕೆ ಹೋಗುವುದು ನಾಚಿಕೆ ಎನ್ನಿಸಿ, ರಂಗಸ್ವಾಮಿ ಒಂದೇ ಚಪ್ಪಲಿಯಲ್ಲಿ ಗೇಟು ದಾಟಿದ.

ಹೊರಗೆ ರಸ್ತೆ. ಕಾಂಪೌಂಡು ಆಳೆತ್ತರಕ್ಕಿಂತ ಜಾಸ್ತಿ ಇತ್ತು, ಎಗರಿ ನೋಡಿದರೂ ಒಳಗೇನೂ ಕಾಣದು. ಗೋಡೆಯ ನೆರಳಿನಲ್ಲಿ ಬಸವಲಿಂಗಮ್ಮ ಎಂಬಾಕೆ ಸೌತೆಕಾಯಿಯ ಬುಟ್ಟಿ ಇಟ್ಟುಕೊಂಡು ಕೂತಿದ್ದಳು.

“ಯಾಕಣ್ಣ, ಬಿಸ್ಲಾಗೆ ನಿಂತ್ಬುಟ್ಟೆ? ಒಳೀಕ್ ಓಗಾಕೆ ಟಿಕೀಟಾ?”

“ಟಿಕೀಟಿಲ್ಲ ಕಣವ್ವ. ನನ್ನ ಅಂಪೈರು ಆಚೀಕ್ ಆಕವ್ರೆ.”

ಹೇಳುವಾಗ ಅವನ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. ಆಕೆ ಅವನ ಬರಿಗಾಲು ನೋಡಿ, ಕುಡಿದಿದ್ದಾನೇನೋ ಎಂದುಕೊಂಡು, ಒಂದು ಸೌತೆಕಾಯಿ ಹೆಚ್ಚಿ ಉಪ್ಪುಕಾರ ಸವರಿ ಕೊಟ್ಟಳು. ಅವನು ತಿನ್ನುತ್ತ ಗೋಡೆಗೆ ಕಿವಿ ಕೊಟ್ಟು ನಿಂತ.

‘ಫಟ್.’ ಗ್ಲೌಸಿಗೆ ಬಿತ್ತು. ಮತ್ತೆ ‘ಫಟ್.’ ಆಮೇಲೆ ‘ಟಣ್’ ಎಂದು ಬ್ಯಾಟಿನ ಸದ್ದು, ಗದ್ದಲ, ಮೌನ. ಯಾರು ಹೊಡೆದರು, ಯಾರು ಔಟಾದರು, ಒಂದೂ ತಿಳಿಯದು. ಅವ್ವನ ಕೂಗು ಕೇಳಿಸುತ್ತಿತ್ತು, ಆದರೆ ಅವಳು ಎಲ್ಲದಕ್ಕೂ ಕೂಗುವವಳು. ಈಗ ತಂಡಗಳು ಜಾಗ ಬದಲಾಯಿಸಿದವೇ? ಎಸೆಯುತ್ತಿರುವುದು ಧನ್ಯಾಳೋ, ಬ್ಯಾಟು ಹಿಡಿದಿರುವುದು ಧನ್ಯಾಳೋ? ಒಂಬತ್ತು ವರ್ಷ ಸಾವಿರಾರು ಮೈಲಿ ದೂರದ ಆಟವನ್ನು ಕಂಡವನಿಗೆ ಒಂದು ಗೋಡೆಯಾಚೆಯದು ಕಾಣದೆ ಹೋಯಿತಲ್ಲ ಎಂದು ದುಃಖ ಒತ್ತಿಬಂತು.

ಆಗ ಒಂದು ‘ಟಣ್’. ಹಿಂದಿನವುಗಳ ಹಾಗಲ್ಲ, ಗಂಟೆ ಹೊಡೆದ ಹಾಗೆ ಕೇಳಿತು. ಗೋಡೆಯ ಮೇಲಿನಿಂದ ಬೆಳ್ಳಗಿನದೊಂದು ಹಾರಿ ಬಂದು ಬಸವಲಿಂಗಮ್ಮನ ಬುಟ್ಟಿಗೆ ಧೊಪ್ಪೆಂದು ಬಿತ್ತು.

“ಯಾವನ್ಲಾ ಅವ್ನು, ಕಣ್ ಕಾಣಾಕಿಲ್ವೇನ್ಲಾ!” ಎಂದು ಆಕೆ ಎದ್ದು ನಿಂತಳು.

ರಂಗಸ್ವಾಮಿ ಸೌತೆಕಾಯಿಗಳ ನಡುವಿನಿಂದ ಚೆಂಡು ಎತ್ತಿಕೊಂಡ. ತಾನೇ ಮಣ್ಣು ತಿಕ್ಕಿದ ಚೆಂಡು. ಎಷ್ಟು ಒರೆಸಿದ್ದರೂ ಹೊಲಿಗೆಯ ಸಂದಿನಲ್ಲಿ ಕುಂಕುಮದ ಗುರುತು ಉಳಿದಿತ್ತು. ಹೋಮ್‌ರನ್. ಆದರೆ ಯಾರದು? ನಮ್ಮವರದಾದರೆ ಗೆದ್ದಂತೆ, ಇಟ್ಟುಕೊಳ್ಳಬೇಕು. ಅವರದಾದರೆ ಎಸೆಯಬೇಕು. ಅವರದಾಗಿದ್ದರೆ ಹುಡುಗಿಯ ಕನಸು ಮುಗಿದಂತೆಯೇ, ಮುಗಿಸಿದವನು ತಾನೇ. ಕುಂಕುಮದ ಗಲಾಟೆಯಲ್ಲಿ ಅವಳ ಮನಸ್ಸು ಕದಡಿ ಎಸೆತ ತಪ್ಪಿರಬೇಕು. ಒಳಗೆ ಒಂದೇ ಸಮನೆ ಕಿರುಚಾಟ. ಗೆದ್ದವರದೋ, ಹೊಡೆಸಿಕೊಂಡವರದೋ, ಅದರಲ್ಲಿ ಬೇರೆ ಮಾಡಿ ಹೇಳುವಂತಿರಲಿಲ್ಲ.

ಚೆಂಡು ಕೊಡಿ ಎಂದು ಯಾರೂ ಬರಲಿಲ್ಲ. ಸ್ವಲ್ಪ ಹೊತ್ತು ಕಾದ. ಆಮೇಲೆ, ತಪ್ಪು ಮಾಡಿದವನು ಒಳ್ಳೆಯದನ್ನು ನಿರೀಕ್ಷಿಸಬಾರದು ಎಂದುಕೊಂಡು, ಎರಡು ಹೆಜ್ಜೆ ಹಿಂದೆ ಸರಿದು, ಮಾನವಂತ ಅಭಿಮಾನಿಯ ಹಾಗೆ ಎಸೆಯಲು ಕೈ ಎತ್ತಿದ.

ಗೋಡೆಯ ಮೇಲೆ ಮೊದಲು ಒಂದು ಚಪ್ಪಲಿ ಕಾಣಿಸಿತು. ಅದನ್ನು ಹಿಡಿದ ಕೈ, ಆಮೇಲೆ ಧನ್ಯಾಳ ತಲೆ. ಕೆಳಗೆ ಯಾರೋ ಅವಳನ್ನು ಎತ್ತಿ ಹಿಡಿದಿದ್ದರು. ಕೂದಲೆಲ್ಲ ಧೂಳು, ಹಣೆಯ ಮೇಲೆ ಆ ಕೆಂಪು ಗೆರೆ ಇನ್ನೂ ಹಾಗೇ ಇತ್ತು. ಏದುಸಿರು ಬಿಡುತ್ತಿದ್ದಳು.

“ಎಸೀಬ್ಯಾಡಿ ಮಾವ” ಎಂದಳು. “ಇಟ್ಕಳಿ.”

ರಂಗಸ್ವಾಮಿ ಎತ್ತಿದ ಕೈ ಇಳಿಸಿದ. ಚಪ್ಪಲಿ ಮೇಲಿನಿಂದ ಬಂದು ಅವನ ಬರಿಗಾಲ ಪಕ್ಕ ಬಿತ್ತು. ಅವನು ಹಾಕಿಕೊಳ್ಳಲಿಲ್ಲ.

“ಯಾರ್ ಗೆದ್ದಿದ್ದಣ್ಣ?” ಎಂದು ಬಸವಲಿಂಗಮ್ಮ ಕೇಳಿದಳು. ಅವನು ಚೆಂಡನ್ನು ಅವಳ ಮುಂದೆ ಹಿಡಿದು ತೋರಿಸಿ, ಅಂಗಿಯ ಜೇಬಿಗೆ ಹಾಕಿಕೊಂಡ.